ಸಣ್ಣೀರವ್ವನ ಅರಮನೆ

ಜಾಲಿಗಡದ ಕೊನೆಯ ದೊರೆಗೆ ಈಜು ಕಲಿಸಿದವನು ತಾನೇ ಎಂದು ಹುಚ್ಚೀರಪ್ಪಜ್ಜ ಹೇಳಿಕೊಳ್ಳುತ್ತಾನೆ. ದೊರೆ ತೀರಿಕೊಂಡು ಎಷ್ಟೋ ಕಾಲವಾಯಿತು, ಈಜಿದ ಬಾವಿಯಲ್ಲಿ ಹೂಳು ತುಂಬಿತು, ಬಾವಿಯ ದಂಡೆಯಲ್ಲಿ ನಿಂತು ನೋಡಿದವರೆಲ್ಲ ಮಣ್ಣಾದರು. ಹೀಗಾಗಿ ಅಲ್ಲವೆನ್ನಲು ಊರಿನಲ್ಲಿ ಯಾರೂ ಉಳಿದಿಲ್ಲ. "ಮೊದಲ ದಿನ ಗುಂಡುಕಲ್ಲಿನಂಗ ಮುಳುಗಿಬಿಟ್ಟರು. ಜುಟ್ಟು ಹಿಡಿದು ಮ್ಯಾಲೆ ಎಳೆದವ ನಾನು. ಇಲ್ಲಂದರ ಆ ವಂಶ ಅಂದೇ ಮುಗೀತಿತ್ತು." ಅರಮನೆ ನೋಡಲು ಬಂದವರನ್ನು ಹೆಬ್ಬಾಗಿಲಿನ ಕಟ್ಟೆಯ ಮೇಲೆ ಕೂರಿಸಿಕೊಂಡು, ಇಷ್ಟನ್ನು ಹೇಳಿದ ಮೇಲೆಯೇ ಅಜ್ಜ ಮುಂದಿನ ಮಾತಿಗೆ ಬರುವುದು. ಆ ದಿನ ಕೂತಿದ್ದವರು ಕುಷ್ಟಗಿಯ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದ ಹೆಂಗಸರು. ಅವರಲ್ಲಿ ಕಸ್ತೂರವ್ವ ಎಂಬಾಕೆ ಉಡಿಯಲ್ಲಿ ಶೇಂಗಾ ಹಾಕಿಕೊಂಡು, ಒಂದೊಂದೇ ಸುಲಿದು ಬಾಯಿಗೆ ಹಾಕುತ್ತ ಕೇಳುತ್ತಿದ್ದಳು.

ಅಜ್ಜನ ತಲೆ ಕೆಡುವುದು ಒಂದೇ ಪ್ರಶ್ನೆಗೆ. ಬಂದವರು ಅರಮನೆಯನ್ನು ಬಾಯಿತುಂಬ ಹೊಗಳುತ್ತಾರೆ, ಹೊಗಳುವಂಥದ್ದೇ ಹೌದು. ಹೆಬ್ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ತುಂಬ ಸಾಗುವಾನಿಯ ಕಂಬಗಳು, ಒಂದು ಇದ್ದಂತೆ ಇನ್ನೊಂದಿಲ್ಲ. ಅವುಗಳ ಮೇಲೆ ಕೂತ ನೊಣ ಜಾರಿ ಬಿದ್ದು ಕಾಲು ಮುರಿದುಕೊಳ್ಳುತ್ತದೆ ಎಂದು ಅಜ್ಜ ಹೇಳುತ್ತಾನೆ. ಚಾವಣಿಯಲ್ಲಿ ಗಿಳಿಗಳ ಹಿಂಡು ಬರೆದಿದ್ದಾರೆ. ಆ ಗಿಳಿಗಳ ಆಸೆಗೆ ಅದೇ ಕಂಬಗಳನ್ನು ಹತ್ತಿದ ಬೆಕ್ಕುಗಳ ಉಗುರಿನ ಗುರುತು ಇಲ್ಲಿದೆ ನೋಡಿ ಎಂದೂ ಅವನೇ ತೋರಿಸುತ್ತಾನೆ. ದಕ್ಷಿಣಕ್ಕೆ ಬಿಜಾಪುರದ ಮಾದರಿಯ ಕಮಾನು, ಉತ್ತರಕ್ಕೆ ಮರಾಠರ ವಾಡೆಯಂಥ ತೊಲೆಗಳು, ಪೂರ್ವಕ್ಕೆ ಕಲ್ಲಿನ ಜಾಳಂದ್ರ. ಮುಂಜಾನೆಯ ಬಿಸಿಲು ಆ ಜಾಳಂದ್ರದಲ್ಲಿ ಸೋಸಿ ಬಂದು ನೆಲದ ಮೇಲೆ ರಂಗೋಲಿ ಬಿಡುತ್ತದೆ. ಇಷ್ಟೆಲ್ಲ ಕಣ್ತುಂಬ ನೋಡಿ ಹೊರಗೆ ಬಂದವರು ಕೊನೆಗೆ ಕೇಳುತ್ತಾರೆ: "ಸಣ್ಣೀರವ್ವನ ಅರಮನೆ ಅಂತಾರಲ್ಲ, ಆಕೆ ಯಾವ ರಾಣಿ? ಹಿರಿಯಾಕಿಯೋ, ಕಿರಿಯಾಕಿಯೋ?" ಅಜ್ಜ ಹಣೆ ಹಣೆ ಬಡಿದುಕೊಳ್ಳುತ್ತಾನೆ. "ರಾಣಿನೂ ಅಲ್ಲ, ರಾಣಿಯ ದಾಸಿನೂ ಅಲ್ಲ. ಕಲ್ಲು ಕಡಿಯೋನ ಹೆಂಡತಿ. ದಿನಾ ಎಷ್ಟು ಮಂದಿಗಂತ ಹೇಳಲಿ?" ಎಂದು ಸಿಡುಕುತ್ತಾನೆ. ಸಿಡುಕಿದವನು ಹೇಳದೆ ಬಿಡುವುದೂ ಇಲ್ಲ.

ಹಿಂದೆ ಒಮ್ಮೆ ಜಾಲಿಗಡವನ್ನು ಬಾಳಪ್ಪನಾಯಕನೆಂಬ ದೊರೆ ಆಳುತ್ತಿದ್ದನಂತೆ. ಒಳ್ಳೆಯವನು. ಪ್ರಜೆಗಳ ಮೇಲೆ ಕೈ ಎತ್ತಿದವನಲ್ಲ, ಬಾಗಿಲಿಗೆ ಬಂದವರನ್ನು ಹಸಿದು ಕಳಿಸಿದವನಲ್ಲ. ಅವನಿಗಿದ್ದ ರೋಗ ಒಂದೇ, ಇನ್ನೊಬ್ಬರ ಮನೆಯಲ್ಲಿ ಕಂಡದ್ದು ತನ್ನ ಮನೆಯಲ್ಲೂ ಇರಬೇಕು. ಅರಮನೆ ಕಟ್ಟಲು ಅವನು ಕೃಷ್ಣೆಯ ಆಚೆ ದಡದಿಂದ ಮೋನಪ್ಪನೆಂಬ ಶಿಲ್ಪಿಯನ್ನು ಕರೆಸಿದ. ಆ ಸೀಮೆಯಲ್ಲಿ ಮನೆ ಕಟ್ಟುವವನಿಗೆ ಒಂದು ಕಟ್ಟಳೆ ಇತ್ತು ಎನ್ನುತ್ತಾರೆ. ಪಾಯದ ಪೂಜೆಯ ದಿನ ಅವನ ಬಲಗೈಗೆ ಅರಿಶಿನದ ಕಂಕಣ ಕಟ್ಟುತ್ತಾರೆ. ಕಟ್ಟಿಸಿಕೊಂಡ ಮೇಲೆ ಅವನು ಊರ ಗಡಿಕಲ್ಲು ದಾಟುವಂತಿಲ್ಲ, ದಾಟಿದರೆ ಕಟ್ಟಿದ ಗೋಡೆ ಬಿರಿಯುತ್ತದೆ. ಹೊಸ ಒಲೆಯ ಮೇಲೆ ಹಾಲುಕ್ಕಿದ ದಿನವೇ ಕಂಕಣ ಬಿಚ್ಚುವುದು. ಯಾವ ಹೆಂಗಸಿನ ಕೈಯ ಹಾಲು ಮೊದಲು ಉಕ್ಕಿತೋ ಅವಳೇ ಆ ಮನೆಯ ಒಡತಿ, ಬಿಚ್ಚುವವಳೂ ಅವಳೇ. ಅಲ್ಲಿಂದ ಮುಂದೆ ಅವಳು ಹೂಂ ಎನ್ನದೆ ಆ ಮನೆಯ ಕಲ್ಲಿಗೆ ಯಾವ ಶಿಲ್ಪಿಯೂ ಉಳಿ ಮುಟ್ಟಿಸುವುದಿಲ್ಲ. ಮೋನಪ್ಪ ಕೈಯೊಡ್ಡಿ ಕಂಕಣ ಕಟ್ಟಿಸಿಕೊಂಡಾಗ ಅವನ ಹೆಂಡತಿ ಸಣ್ಣೀರವ್ವ ಬಸುರಿ. ತೊಟ್ಟಿಲಿಗೆ ಹಾಕುವ ದಿನ ಬಂದೇ ಬರುತ್ತೇನೆ, ಕೂಸಿನ ಕಿವಿಯಲ್ಲಿ ಹೆಸರು ನಾನೇ ಕರೆಯುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದ.

ಗೋಡೆ ಎದ್ದಿತು, ಚಾವಣಿ ಮುಚ್ಚಿತು. ಅಡುಗೆಮನೆಯಲ್ಲಿ ಒಲೆ ಹೂಡಿ ಸುಣ್ಣ ಬಳಿದದ್ದಾಯಿತು, ಮುಹೂರ್ತ ನೋಡಿದ್ದೂ ಆಯಿತು. ಅಷ್ಟರಲ್ಲಿ ದೊರೆ ಯಾರದೋ ಮದುವೆಗೆಂದು ಪಕ್ಕದ ಸಂಸ್ಥಾನಕ್ಕೆ ಹೋಗಿಬಂದ. ಕುದುರೆಯಿಂದ ಇಳಿಯುವ ಮೊದಲೇ, "ಮೋನಪ್ಪಾ, ಒಂದು ಸಣ್ಣ ಮಾತು" ಎಂದ. ಆ ಸಣ್ಣ ಮಾತಿಗೆ ದಕ್ಷಿಣದ ಗೋಡೆ ಪೂರ್ತಿ ಉರುಳಿತು, ಕಮಾನುಗಳು ಎದ್ದವು. ಮತ್ತೊಂದು ಮುಹೂರ್ತ ಇಟ್ಟರು. ದೊರೆ ಯಾರದೋ ಸಾವಿಗೆ ಮಾತಾಡಿಸಲು ಹೋದ. ಸತ್ತವನ ಮನೆಯಲ್ಲಿ ಕೂತು ಅಳಬೇಕಾದವನು ಅಲ್ಲಿನ ತೊಲೆಗಳನ್ನು ನೋಡುತ್ತ ಕೂತನಂತೆ, ಬಂದು ಮತ್ತೆ, "ಮೋನಪ್ಪಾ, ಒಂದು ಸಣ್ಣ ಮಾತು." ಕಂಬಗಳು ಒಂದೇ ತರಹ ಇರಬಾರದು ಎಂದ. ಕಿಟಕಿಗೆ ಜಾಳಂದ್ರ ಬೇಕೆಂದ. ಜಾಳಂದ್ರ ಕೊರೆದು ಕೂರಿಸಿದ ಮೇಲೆ, ಇನ್ನೂ ಸಣ್ಣ ಕಣ್ಣಿನದು ಆಗಬೇಕಿತ್ತು ಎಂದ. ಮೋನಪ್ಪ ಮೊದಮೊದಲು ಕೈಮುಗಿದು ಹೇಳಿನೋಡಿದ. ಆಮೇಲೆ ಕೈಮುಗಿಯುವುದನ್ನು ಬಿಟ್ಟ. ಆಮೇಲೆ ಹೇಳುವುದನ್ನೂ ಬಿಟ್ಟು, ದೊರೆಯ ಮೇಲಿನ ಸಿಟ್ಟನ್ನೆಲ್ಲ ಕಲ್ಲಿನ ಮೇಲೆ ಹಾಕತೊಡಗಿದ. ಅವನ ಸುತ್ತಿಗೆಯ ಸದ್ದಿಗೆ ಊರಿನ ಎಮ್ಮೆಗಳು ಹಾಲು ಕೊಡುವುದನ್ನು ನಿಲ್ಲಿಸಿದವು ಎನ್ನುತ್ತಾರೆ. ಅವನ ಊರಿನಿಂದ ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ಕೂಸಿಗೆ ಹಲ್ಲು ಬಂದ ಸುದ್ದಿ ಬಂತು. ಅಪ್ಪ ಬರುವ ತನಕ ಹೆಸರಿಡುವುದಿಲ್ಲ ಎಂದು ಸಣ್ಣೀರವ್ವ ಹಟ ಹಿಡಿದಿದ್ದಾಳೆ, ಓಣಿಯವರೆಲ್ಲ ಕೂಸನ್ನು 'ಏ ಇವಳೇ' ಎಂದು ಕರೆಯುತ್ತಿದ್ದಾರೆ ಎಂಬ ಸುದ್ದಿಯೂ ಬಂತು. ಮೋನಪ್ಪ ಸಂಜೆಗೊಮ್ಮೆ ಗಡಿಕಲ್ಲಿನ ತನಕ ನಡೆದು ಹೋಗಿ, ಅದನ್ನೊಮ್ಮೆ ದುರುಗುಟ್ಟಿ ನೋಡಿ, ಹಿಂದಿರುಗುತ್ತಿದ್ದ.

ಕೊನೆಗೆ ಸಣ್ಣೀರವ್ವನೇ ಹೊಳೆ ದಾಟಿ ಬಂದಳು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುತ್ತಿ, ಕೈಯಲ್ಲಿ ದಾರಿಯಲ್ಲಿ ಯಾರೋ ಪುಣ್ಯಾತ್ಮರು ಕೂಸಿಗೆಂದು ಹಿಂಡಿಕೊಟ್ಟ ಹಾಲಿನ ಚರಿಗೆ. ಅಂದು ಮೋನಪ್ಪ ಉಪ್ಪರಿಗೆಯ ಬಾಗಿಲಿನ ಮೇಲೆ ಜೋಡಿ ನವಿಲು ಕೊರೆಯುತ್ತ ಕೂತಿದ್ದ. ದೊರೆ ಆ ವಾರ ಎಲ್ಲೋ ನವಿಲು ನೋಡಿ ಬಂದಿದ್ದ. ಹೊರಗೆಲ್ಲ ಕಲ್ಲಿನ ಧೂಳು. ಹಸಿದ ಕೂಸು ಚೀರುತ್ತಿತ್ತು. ಧೂಳಿಲ್ಲದ ಜಾಗ ಹುಡುಕುತ್ತ ಸಣ್ಣೀರವ್ವ ಒಳಗೊಳಗೇ ನಡೆದು ಅಡುಗೆಮನೆ ಹೊಕ್ಕಳು. ಅಲ್ಲಿ ಸುಣ್ಣ ಬಳಿದ ಒಲೆ ತಣ್ಣಗೆ ಕೂತಿತ್ತು. ಕಂಬ ಕಾಯಲು ಆಳು ಇತ್ತು, ಕಿಟಕಿ ಕಾಯಲು ಆಳು ಇತ್ತು, ಒಲೆ ಕಾಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ನಾಲ್ಕು ಕಟ್ಟಿಗೆಚಕ್ಕೆ ಆಯ್ದು ತಂದು ಬೆಂಕಿ ಹೊತ್ತಿಸಿ, ಚರಿಗೆ ಇಟ್ಟಳು. ಅಷ್ಟರಲ್ಲಿ ಸುದ್ದಿ ತಿಳಿದು ಮೋನಪ್ಪ ಓಡಿಬಂದ. ಮೈಯೆಲ್ಲ ಬಿಳಿ ಧೂಳಾಗಿದ್ದ ಅವನನ್ನು ಕಂಡು ಕೂಸು ಇನ್ನಷ್ಟು ಜೋರಾಗಿ ಚೀರಿತು. "ನೋಡ್ರಿ, ನಿಮ್ಮ ಮಗಳು ನಿಮ್ಮನ್ನ ದೆವ್ವ ಅಂತ ತಿಳಿದಾಳ" ಎಂದಳು ಸಣ್ಣೀರವ್ವ. ಅಷ್ಟು ದಿನ ಅವಳ ಎದೆಯಲ್ಲಿ ಕುದಿಯುತ್ತಿದ್ದದ್ದಕ್ಕೆ ಅಲ್ಲಿ ಬಾಯಿ ಬಂತು.

"ಆ ದೊರೆಗೆ ಸಾಕು ಅನ್ನೋ ಮಾತು ಅವರವ್ವ ಕಲಿಸಿಲ್ಲೇನ್ರಿ? ನೀವರ ಏನು, ಬಾಯಾಗ ಕಲ್ಲು ಇಟ್ಟುಕೊಂಡು ಕೂತೀರೋ?"

"ಹೇಳೀನಿ. ಹೇಳಿ ಹೇಳಿ ನಾಲಗಿ ಸವೆದದ. ಕಂಕಣ ಕಟ್ಟಿಸಿಕೊಂಡೀನಲ್ಲ, ಏನು ಮಾಡಲಿ?"

"ಸುಡ್ರಿ ಆ ಕಂಕಣಾನ! ಹೆಸರಿಲ್ಲದ ಕೂಸು ಕಟ್ಟಿಕೊಂಡು ನಾ ಎಷ್ಟು ಮಂದಿಗೆ ಉತ್ತರ ಕೊಡಲಿ?"

ಗಂಡ ಹೆಂಡತಿ ಜಗಳಕ್ಕೆ ನಿಂತಾಗ ಹಾಲಿನ ಕಡೆ ಲಕ್ಷ್ಯ ಇಡುವವರಾರು? ಚರಿಗೆ ಚುಂಯ್ ಎಂದಿತು. ಹಾಲು ಉಕ್ಕಿ, ಕಂಠದಿಂದ ಇಳಿದು, ಪೂರ್ವದ ಕಡೆಗೇ ಹರಿದು ಒಲೆಯ ಸುಣ್ಣದ ಮೇಲೆ ಹಬ್ಬಿತು. ಬಾಗಿಲಲ್ಲಿ ನಿಂತು ಜಗಳ ಕೇಳುತ್ತಿದ್ದ ಅಡುಗೆಯವಳು "ಶಿವ ಶಿವಾ, ಹಾಲುಕ್ಕಿತು!" ಎಂದು ಕೂಗಿದಳು. ಪುರೋಹಿತರು ಬಂದರು, ಊರ ಹಿರಿಯರು ಬಂದರು, ದೊರೆಯೂ ಓಡೋಡಿ ಬಂದ. ಇದು ಲೆಕ್ಕಕ್ಕಿಲ್ಲ, ಒಲೆ ತೊಳೆಯಿರಿ, ನಾಳೆ ರಾಣಿಯ ಕೈಯಿಂದ ಮತ್ತೆ ಉಕ್ಕಿಸೋಣ ಎಂದು ಅಬ್ಬರಿಸಿದ. ಆಗ ದೊರೆಯ ತಾಯಿ, ಹಿರಿಯವ್ವನವರು, ಕೋಲೂರಿಕೊಂಡು ಮುಂದೆ ಬಂದರು. ಹೊಸ ಅರಮನೆಯ ಆಸೆಗೆ ಸೋರುವ ಹಳೆಯ ಮನೆಯಲ್ಲಿ ಕಾದು ಕಾದು ಅವರಿಗೂ ಸಾಕಾಗಿತ್ತು. "ಉಕ್ಕಿದ ಹಾಲು ಮತ್ತ ಚರಿಗಿಯೊಳಗ ಹೋಗ್ತದೇನೋ ಬಾಳ್ಯಾ? ಒಂದು ಒಲಿಗೆ ಎರಡು ಸಲ ಹಾಲುಕ್ಕಿಸಿದ ಮನಿ ಬೆಳಗಿದ್ದು ನಾ ಕಂಡಿಲ್ಲ. ನೀ ಒಂದು ಮಾಳಿಗಿ ಕೇಳಿದಿ, ಅಂವ ಹತ್ತು ಕಟ್ಟಿಕೊಟ್ಟ. ಬಾಯಿ ಮುಚ್ಚು" ಎಂದರು. ಇಡೀ ಸಂಸ್ಥಾನದಲ್ಲಿ ದೊರೆಗೆ ಬಾಯಿ ಮುಚ್ಚು ಎನ್ನಬಲ್ಲವರು ಅವರೊಬ್ಬರೇ. ದೊರೆ ಬಾಯಿ ಮುಚ್ಚಿದ. ಸಣ್ಣೀರವ್ವ ಕೂಸನ್ನು ಹಿರಿಯವ್ವನವರ ಕೈಗೆ ಕೊಟ್ಟು, ಗಂಡನ ಕೈ ಹಿಡಿದು ಕಂಕಣದ ಗಂಟಿಗೆ ಬೆರಳಿಟ್ಟಳು. ಬೆವರಿಗೂ ಧೂಳಿಗೂ ಗಂಟು ಕಲ್ಲಿನಂತಾಗಿತ್ತು. ಅವಳು ಹಲ್ಲಿನಿಂದ ಕಚ್ಚಿ ಹರಿದಳು.

ಗಡಿಕಲ್ಲಿನ ಹತ್ತಿರ ಬಂದಾಗ ಮೋನಪ್ಪನ ಕಾಲು ತಾನಾಗಿಯೇ ನಿಂತಿತು. ಅಷ್ಟು ದಿನ ಅಲ್ಲಿಂದಲೇ ಹಿಂದಿರುಗಿದ ಕಾಲು ಅದು. ಸಣ್ಣೀರವ್ವ ಹಿಂದಿನಿಂದ ಮೆಲ್ಲಗೆ ನೂಕಿ, "ದಾಟ್ರಿ, ಇನ್ನ ಬಿರಿದರ ನನ್ನ ಮನಿ ಬಿರೀತದ" ಎಂದಳು. ಮೋನಪ್ಪ ದಾಟಿದ. ದಾಟಿ, ಅಲ್ಲಿಯೇ ರಸ್ತೆಯ ಮೇಲೆ ಕೂತು, ಮೈಯ ಧೂಳನ್ನು ಚೆನ್ನಾಗಿ ಕೊಡವಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಕಿವಿಯಲ್ಲಿ ಹೆಸರು ಕರೆದ. ಆಮೇಲೆ ಹೆಂಡತಿಯ ಕಡೆ ನೋಡಿ, "ನಿಜ ಹೇಳು, ಹಾಲು ಮರೆತು ಉಕ್ಕಿಸಿದೆಯೋ, ನೋಡಿಯೇ ಉಕ್ಕಿಸಿದೆಯೋ?" ಎಂದು ಕೇಳಿದ. ಸಣ್ಣೀರವ್ವ ಬುತ್ತಿ ತಲೆಯ ಮೇಲಿಟ್ಟುಕೊಳ್ಳುತ್ತ, "ಒಂದು ಸಣ್ಣ ಮಾತಿಗೆ ಎಷ್ಟು ಕೇಳ್ತೀರಿ, ನಡೀರಿ" ಎಂದಳು. ಅವರಿಬ್ಬರೂ ಮತ್ತೆ ಜಾಲಿಗಡದ ಕಡೆ ತಲೆ ಹಾಕಲಿಲ್ಲ, ಆಮೇಲೆ ಯಾವ ಊರಿನಲ್ಲಿ ನೆಲೆಸಿದರೆಂಬುದೂ ಇಲ್ಲಿ ಯಾರಿಗೂ ತಿಳಿಯಲಿಲ್ಲ. ದೊರೆ ಬೇರೆ ಬೇರೆ ಕಡೆಯಿಂದ ಶಿಲ್ಪಿಗಳನ್ನು ಕರೆಸಿದ. ಬಂದವರೆಲ್ಲ ಮೊದಲು ಒಲೆಯ ಕತೆ ಕೇಳಿ, "ಒಡತಿ ಹೂಂ ಅಂದಾರೇನು?" ಎಂದು ವಿಚಾರಿಸಿ, ಚೀಲದಿಂದ ಉಳಿಯನ್ನೂ ತೆಗೆಯದೆ ಎದ್ದುಹೋದರು. ಊರಿನ ಜನರ ಬಾಯಲ್ಲಿ ಅದು ಸಣ್ಣೀರವ್ವನ ಅರಮನೆಯಾಯಿತು. ಇವತ್ತಿಗೂ ಉಪ್ಪರಿಗೆಯ ಬಾಗಿಲಿನ ಮೇಲೆ ನೋಡಬಹುದು: ಒಂದು ನವಿಲು ಗರಿಗರಿಯೂ ಎಣಿಸುವಂತೆ ಮೂಡಿದೆ, ಅದರ ಜೋಡಿಯ ಜಾಗದಲ್ಲಿ ಬರೀ ಕೊಕ್ಕು ಇದೆ. ಉಳಿದದ್ದು ಕಲ್ಲು.

ಹೆಂಗಸರು ನವಿಲು ನೋಡಲು ಎದ್ದರು. ಕಸ್ತೂರವ್ವ ಏಳಲಿಲ್ಲ. ಉಡಿಯ ಸಿಪ್ಪೆ ಆರಿಸಿ ಚೆಲ್ಲುತ್ತ, "ಯಜ್ಜಾ, ಒಂದು ಕೇಳತೀನಿ. ಗಡಿಕಲ್ಲಿನ ಹತ್ತರ ಇದ್ದವರು ಗಂಡ, ಹೆಂಡತಿ, ಒಂದು ಕೂಸು. ಅವರು ತಿರುಗಿ ಈ ಊರಿಗೆ ಬರಲಿಲ್ಲ ಅಂತೀ. ಯಾವ ಊರಿಗೆ ಹೋದರಂತ ಯಾರಿಗೂ ಗೊತ್ತಿಲ್ಲ ಅಂತೀ. ಮತ್ತ ಅವರು ಅಲ್ಲಿ ಆಡಿದ ಮಾತು ನಿನಗ ಯಾರು ಹೇಳಿದರು?" ಎಂದಳು.

ಹುಚ್ಚೀರಪ್ಪಜ್ಜ ಅವಳನ್ನೊಮ್ಮೆ, ಅವಳ ಉಡಿಯ ಶೇಂಗಾವನ್ನೊಮ್ಮೆ ನೋಡಿದ. ಹೆಗಲು ಕುಣಿಸಿದ. "ಕೂಸು ಹೇಳಿರಬೇಕು" ಎಂದು, ಶೇಂಗಾಕ್ಕೆ ಕೈ ಚಾಚಿದ.