ತುಳಸಕ್ಕನ ಮೊದಲ ಅರಿಶಿನ

ಕೈಯಲ್ಲಿ ನಾಲ್ಕು ಅಕ್ಷತೆ ಹಿಡಿದು, ದೀಪದ ಕಡೆಗೆ ಮುಖ ಮಾಡಿ, ಪಕ್ಕದವರೊಡನೆ ಮಾತು ನಿಲ್ಲಿಸಿ ಕೇಳುವಂಥವರಾಗಿ. ಇದು ಶ್ರಾವಣದ ಕಡೆಯ ಶುಕ್ರವಾರ, ಆರತಿಗೆ ಮೊದಲು ಓದುವ ಕಥೆ.

ಮಲಪ್ರಭೆಯ ತೀರದಲ್ಲಿ ಒಂದು ನೇಕಾರರ ಊರು. ಆ ಊರಿನಲ್ಲಿ ತುಳಸಕ್ಕನೆಂಬ ಹಿರಿಯಳಿದ್ದಳು. ಹದಿನೆಂಟನೆಯ ವಯಸ್ಸಿನಲ್ಲಿ ಶುಕ್ರವಾರದ ಲಕ್ಷ್ಮೀವ್ರತ ಹಿಡಿದು, ಒಂಬತ್ತು ಹೆತ್ತು ಏಳು ಮಂದಿಯನ್ನು ಉಳಿಸಿಕೊಂಡು, ಇಪ್ಪತ್ತಾರು ಮೊಮ್ಮಕ್ಕಳಿಗೆ ಎಣ್ಣೆ ತಿಕ್ಕಿ ನೀರೆರೆದು, ತೊಂಬತ್ತಾರು ತುಂಬುವವರೆಗೆ ಒಂದು ವರ್ಷವೂ ವ್ರತ ತಪ್ಪಿಸಲಿಲ್ಲ. ಗಂಡ ತೀರಿಕೊಂಡ ಮೇಲೆ ಊರವರು ಗೊಣಗಿದಾಗಲೂ, “ಕೊಡೋ ಕೈಗೆ ಯಾವ ಮೈಲಿಗಿ?” ಎಂದಳೇ ಹೊರತು ಅರಿಶಿನದ ಬಟ್ಟಲು ಕೆಳಗಿಡಲಿಲ್ಲ. ಕಡೆಗಾಲದಲ್ಲಿ ಹಿರಿಯ ಸೊಸೆಯನ್ನು ಕರೆದು, “ವನಮಾಲಾ, ವ್ರತ ನಿನ್ನ ಕೈಯಾಗ ಐತಿ, ಬಿಡಬ್ಯಾಡ” ಎಂದು ಹೇಳಿ, ದೇವಿಯನ್ನು ನೆನೆದು ಕಣ್ಣು ಮುಚ್ಚಿದಳು.

ವನಮಾಲಾ ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವಳು. ಮದುವೆಯಾದ ವರ್ಷದಿಂದಲೇ ವ್ರತದ ವಿವರವನ್ನು ವಹಿಯಲ್ಲಿ ಬರೆದಿಟ್ಟವಳು: ಬತ್ತಿ ಇಪ್ಪತ್ತೊಂದು, ಹೋಳಿಗೆಗೆ ಬೇಳೆ ನಾಲ್ಕು ಸೇರು, ಬಂದ ಹೆಂಗಸರ ಹೆಸರು, ಅವರು ಹಾಡಿದ ಹಾಡು. ಅತ್ತೆಯ ವ್ರತವನ್ನು ತನ್ನಷ್ಟು ಬಲ್ಲವರಿಲ್ಲವೆಂಬ ಹೆಮ್ಮೆ ಅವಳಿಗಿತ್ತು.

ಹೀಗಿರಲು, ಹಿತ್ತಲಿನಾಚೆ ಇದ್ದ ವಾರಗಿತ್ತಿ ಸುಂದ್ರವ್ವ, ಅತ್ತೆಯ ಹಳೆಯ ಸೀರೆಗಳನ್ನು ಕತ್ತರಿಸಿ ಮೊಮ್ಮಕ್ಕಳಿಗೆ ಕೌದಿ ಹೊಲಿದಳು. ಆ ಸೀರೆಗಳನ್ನು ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿ ಕಾಪಿಡಬೇಕೆಂದಿದ್ದ ವನಮಾಲಾ ಎಲ್ಲರೆದುರು, “ಕತ್ತರಿ ಹಿಡಿಯೂಕಿಂತ ಮೊದಲು ಓದಿದವರನ್ನ ಒಂದು ಮಾತು ಕೇಳಬೇಕಿತ್ತು” ಎಂದುಬಿಟ್ಟಳು. ಸುಂದ್ರವ್ವ ಮನೆಗೆ ಹೋಗಿ ಹಿತ್ತಲ ಬಾಗಿಲಿಗೆ ಅಗಳಿ ಹಾಕಿದಳು. ಆ ಬಾಗಿಲು ಮೂರು ವರ್ಷ ತೆರೆಯಲಿಲ್ಲ.

ವನಮಾಲಾ ವ್ರತ ಮಾಡಿದಳು. ಬರೆದದ್ದರಲ್ಲಿ ಒಂದು ಎಳೆ ಬತ್ತಿಯೂ ಕಡಿಮೆಯಾಗಲಿಲ್ಲ. ಆದರೂ ಮೊದಲ ವರ್ಷ ನಲವತ್ತೊಂದು ಹೆಂಗಸರು ಬಂದರೆ, ಎರಡನೆಯ ವರ್ಷ ಹತ್ತೊಂಬತ್ತು, ಮೂರನೆಯ ವರ್ಷ ಆರು ಮಂದಿ ಬಂದರು. ಹೋಳಿಗೆ ಬುಟ್ಟಿಯಲ್ಲೇ ಉಳಿಯಿತು, ಹಾಡು ಒಂದೇ ನುಡಿಗೆ ನಿಂತಿತು. ಎಪ್ಪತ್ತೆಂಟು ವರ್ಷ ನಡೆದ ವ್ರತ ತನ್ನ ಕೈಯಲ್ಲಿ ಆರಿಹೋಗುವುದೋ ಎಂದು ಅವಳು ಒಳಗೇ ಬೆಂದಳು.

ನಾಲ್ಕನೆಯ ವರ್ಷ ಶ್ರಾವಣದ ಇದೇ ಕಡೆಯ ಶುಕ್ರವಾರ ಬೆಳಿಗ್ಗೆ, ಹೂ ಮಾರುವ ಮುದುಕಿ ನೀಲವ್ವ ಬಂದು ಎರಡೇ ಮೊಳ ಮಲ್ಲಿಗೆ ಅಳೆದಿಟ್ಟು, “ಆರು ಮಂದಿಗೆ ಇಷ್ಟು ಸಾಕಲ್ಲರಿ, ಅಕ್ಕಾರ?” ಎಂದಳು. ವನಮಾಲಾ ಹೊಸ್ತಿಲಲ್ಲೇ ಕುಳಿತು ಅತ್ತಳು. ಬರೆದಂತೆಯೇ ಮಾಡಿದರೂ ತಪ್ಪಿದ್ದೇನೆಂದು ಕೇಳಿದಳು.

“ಮೊದಲನೇ ಅರಿಶಿನ ಯಾರಿಗಿ ಕೊಡ್ತೀರಿ?”

“ಬಂದವರೊಳಗ ಹಿರಿಯರಿಗೆ.”

“ತುಳಸಕ್ಕ ಹಂಗ ಮಾಡತಿದ್ದಿಲ್ಲ. ಆರತಿಗಿಂತ ಮೊದಲು, ಮಾತು ಬಿಟ್ಟವರ ಮನಿಗೆ ತಾನ ಹೋಗಿ ಹಚ್ಚಿ ಬರತಿದ್ದಳು. ಬಾಡಿದ ಹೂವಿನ ಸಲುವಾಗಿ ನನ್ನ ಕೂಡ ಕಚ್ಚಾಡಿದ ವರ್ಷ ನನ್ನ ಗಲ್ಲಕ್ಕ ಹಚ್ಚಿದಳು. ಹೂವಿಗೆ ಮಾತ್ರ ಮರುದಿನಾನೂ ಬೈದಳು. ನೀವು ಆವಾಗ ಅಡಗಿಮನ್ಯಾಗ ಬ್ಯಾಳಿ ಅಳೀತಿದ್ರಿ, ನಿಮಗ್ಯಾಕ ಕಾಣಬೇಕು?”

ವನಮಾಲಾ ಎದ್ದು ಹಳೆಯ ವಹಿಗಳನ್ನು ತೆಗೆದು ಹುಡುಕಿದಳು. ತನ್ನ ಮದುವೆಯ ಏಳನೆಯ ವರ್ಷ, ಅತ್ತೆಯೊಡನೆ ಮುನಿಸಿಕೊಂಡು ತಿಂಗಳು ಮಾತು ಬಿಟ್ಟಿದ್ದಾಗ, ತನ್ನದೇ ದುಂಡು ಅಕ್ಷರದಲ್ಲಿ ಹೀಗೆ ಬರೆದಿದ್ದಳು: “ಈ ದಿನ ಅತ್ತೆಯವರು ಹಿರಿಯರನ್ನು ಬಿಟ್ಟು ಮೊದಲ ಅರಿಶಿನ ನನಗೆ ಹಚ್ಚಿದರು. ವಯಸ್ಸು ಅರವತ್ತೆರಡು. ಮರೆವು ಪ್ರಾರಂಭವಾದಂತಿದೆ.”

ಅದನ್ನು ಓದಿ ಅವಳಿಗೆ ನಾಚಿಕೆಯೂ ಆಯಿತು, ಎದೆ ಹಗುರವೂ ಆಯಿತು. ಅರಿಶಿನ ಕಲಸಿ ಬಟ್ಟಲು ಹಿಡಿದು ಹಿತ್ತಲು ದಾಟಿ, ಸುಂದ್ರವ್ವನ ಬಾಗಿಲು ಬಡಿದು, ತೆರೆಯುವವರೆಗೆ ನಿಂತಳು.

“ಓದಿದವರು ದಾರಿ ತಪ್ಪಿ ಬಂದ್ರೇನು?” ಎಂದಳು ಸುಂದ್ರವ್ವ.

“ಮೂರು ವರ್ಷ ತಪ್ಪಿತ್ತು. ನಾ ಅಂದದ್ದು ತಪ್ಪು. ಮುಖ ಎತ್ತು, ಅರಿಶಿನ ಒಣಗತೈತಿ.”

“ಹೀಂಗ ತೆಳ್ಳಗ ಕಲಸಿದ್ರ ಒಣಗದ ಏನ್ಮಾಡತೈತಿ?” ಎನ್ನುತ್ತ ಸುಂದ್ರವ್ವ ಗಲ್ಲ ಮುಂದೆ ಮಾಡಿದಳು. ಆಮೇಲೆ ತಾನೂ ಬೆರಳದ್ದಿ, ವಾರಗಿತ್ತಿಯ ಗಲ್ಲಕ್ಕೆ ಹಚ್ಚಿದಳು.

ಗಲ್ಲದ ಅರಿಶಿನದೊಡನೆ ಇಬ್ಬರೂ ಓಣಿಯಲ್ಲಿ ಬಂದದ್ದನ್ನು ಕಂಡು, ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ಮನೆಯಲ್ಲೇ ಉಳಿದಿದ್ದ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಹೊರಟರು. ಸಂಜೆಗೆ ಪಡಸಾಲೆ ತುಂಬಿತು. ಸುಂದ್ರವ್ವ ಹಾಡು ಎತ್ತಿದಳು, ಹೋಳಿಗೆ ಸಾಲದೆ ಮತ್ತೆ ಬೇಳೆಗೆ ಇಟ್ಟರು. ದೇವಿ ಒಲಿದಳು. ವನಮಾಲಾ ಸೊಸೆಯಂದಿರಿಗೆ ಈ ವಿಧಿಯನ್ನು ಕಲಿಸಿ, ಮಕ್ಕಳು ಮೊಮ್ಮಕ್ಕಳೊಡನೆ ಬಹುಕಾಲ ಸುಖವಾಗಿ ಬಾಳಿದಳು.

ಈ ಕಥೆ ಹೇಳಿದವರಿಗೆ ತುಳಸಕ್ಕನ ಆಯುಷ್ಯ ಬರಲಿ. ಕೇಳಿದವರ ಪಡಸಾಲೆ ಜನರಿಂದ ತುಂಬಲಿ. ಅರ್ಧಕ್ಕೆ ಬಂದು ಕೇಳಿದವರಿಗೂ ಪೂರ್ಣ ಫಲ ಸಿಗಲಿ. ತಾನು ಯಾರೊಡನೆಯೂ ಮಾತು ಬಿಟ್ಟಿಲ್ಲವೆನ್ನುವವಳು ಇನ್ನೊಮ್ಮೆ ನೆನೆದು ನೋಡಲಿ. ನೆನಪಾದವರು ಈಗಲೇ ಎದ್ದು ಹೋಗಿ ಬನ್ನಿ. ನೀವು ಬರುವವರೆಗೆ ಆರತಿ ಎತ್ತುವುದಿಲ್ಲ.