ಯಂಕೋಬನ ಸೀತೆ

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಚಳಿಗಾಲದಲ್ಲಿ ಅಲ್ಲಿ ಮಂಜು ಎಷ್ಟು ನಿಧಾನವಾಗಿ ಏಳುತ್ತಿತ್ತೆಂದರೆ, ಹೊಳೆಗೆ ಇನ್ನೊಂದು ದಡ ಇದೆಯೋ ಇಲ್ಲವೋ ಎಂಬ ಅನುಮಾನ ಶಿಷ್ಯರಿಗೆ ಊಟದ ಹೊತ್ತಿನವರೆಗೂ ಉಳಿಯುತ್ತಿತ್ತು.

ಗುರುಗಳ ಹೆಸರು ಗವಿಯಪ್ಪಯ್ಯ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಓದು ಮುಗಿಸಿದ ಪ್ರತಿಯೊಬ್ಬ ಶಿಷ್ಯನಿಗೂ ಅವರು ಕಡೆಯದಾಗಿ ಒಂದು ಕೆಲಸ ಹಚ್ಚುತ್ತಿದ್ದರು. ಆ ವರ್ಷ ಬಸವಂತನ ಸರದಿ.

"ಹೊಳಿ ದಂಡಿ ಊರಾಗ ಕಲಾವಿದರು ಅದಾರಲ್ಲ, ಅವರನ್ನ ಮಾತಾಡ್ಸಿ ಬಾ" ಎಂದರು ಅಜ್ಜಾರು. "ಹೆಂಗ ಕೆಲಸ ಮಾಡ್ತಾರ, ಹೆಂಗ ದಿನಾ ಕಳೀತಾರ, ಕೇಳು. ಕೇಳಿದ್ದನ್ನ ಬರಕೊಂಡು ಬಾ."

ಬಸವಂತನಿಗೆ ಬರೆಯುವುದೆಂದರೆ ನೀರು ಕುಡಿದಷ್ಟು ಸಲೀಸು. ಅವನ ತೊಂದರೆಯೂ ಅದೇ ಎಂದು ನನಗನಿಸುತ್ತದೆ. ಅಂದು ಸಂಜೆಯೊಳಗೆ ಹನ್ನೊಂದು ಪ್ರಶ್ನೆ ಸಿದ್ಧ ಮಾಡಿದ. ದಪ್ಪನೆಯ ನೋಟುಬುಕ್ಕು ಬಗಲಲ್ಲಿಟ್ಟುಕೊಂಡು ಮರುದಿನವೇ ಹೊರಟ.

ಮೊದಲು ಮದ್ದಳೆ ಮಾಡುವ ದುರ್ಗಪ್ಪನ ಮನೆ.

"ನಿಮ್ಮ ಕಲೆಗೆ ಸ್ಫೂರ್ತಿ ಯಾವುದ್ರಿ?"

ದುರ್ಗಪ್ಪ ಕೈಯಲ್ಲಿದ್ದ ಕಟ್ಟಿಗೆಯನ್ನು ಬೆರಳಿನಿಂದ ಬಡಿದು ನೋಡಿದ. "ಕಟ್ಟಿಗಿ ಒಣಗಬೇಕ್ರಿ" ಎಂದ.

"ಅದರ ಮ್ಯಾಲ?"

"ಇನ್ನಷ್ಟು ಒಣಗಬೇಕ್ರಿ."

ಬಸವಂತ ಬರೆದುಕೊಂಡ: ಕಾಲವೇ ನನ್ನ ಗುರು, ಎನ್ನುತ್ತಾರೆ ದುರ್ಗಪ್ಪ.

ಆಮೇಲೆ ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುವ ನಿಂಗವ್ವ.

"ಹೊಲಿಯುವಾಗ ಏನು ಯೋಚನಿ ಮಾಡ್ತೀರಿ, ಅವ್ವಾ?"

"ಹೊಲಿಯೂದು ಬಿಟ್ಟು ಬ್ಯಾರೇ ಏನ್ ಯೋಚನಿ ಮಾಡ್ಲಿ, ಎಪ್ಪಾ?"

ಬಸವಂತ ಬರೆದುಕೊಂಡ: ಒಂದೊಂದು ಹೊಲಿಗೆಯೂ ಒಂದೊಂದು ಪ್ರಾರ್ಥನೆ. ಬರೆದದ್ದನ್ನು ತಾನೇ ಎರಡು ಸಲ ಓದಿ ಖುಷಿಪಟ್ಟ.

ಮೂರನೆಯವನು ತೊಗಲುಗೊಂಬೆಯ ಯಂಕೋಬ. ಮುದುಕ. ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ. ಒಮ್ಮೊಮ್ಮೆ ಗೊಂಬೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಆಗ ಕೆಂಪು, ಹಸಿರು, ಹಳದಿ ನೆರಳು ನೆಲದ ಮೇಲೆ ಬಿದ್ದು, ಹರಿಯುವ ನೀರಿನ ಹಾಗೆ ಅಲುಗುತ್ತಿತ್ತು. ಬಸವಂತನ ಕಾಲ ಮೇಲೂ ಬಿತ್ತು. ಅವನು ಬಂದ ಕೆಲಸವನ್ನೇ ಒಂದು ಗಳಿಗೆ ಮರೆತ.

"ಯಾರ ಗೊಂಬಿ, ಕಾಕಾ?"

"ಸೀತವ್ವಂದು. ಹಳೇ ಸೀತಾ ಪೂರಾ ಸವದುಬಿಟ್ಲು. ಸೀತಾ ಇಲ್ಲದ ನಮ್ಮ ಮೇಳದ ಹುಡುಗರು ಆಟಕ್ಕ ಎಲ್ಲಿಗೆ ಹೋಗ್ತಾರ?" ಯಂಕೋಬ ಕಣ್ಣೊರೆಸಿಕೊಂಡ. "ನನ್ನ ಕಣ್ಣಿಗೂ ಪೊರಿ ಬಂದೈತಿ, ತಮ್ಮಾ. ಈಕೀನ ಕಡೀಕಿ. ಈಕಿನ್ನ ಮುಗಿಸಿಬಿಟ್ರ ನಾ ಗೆದ್ದೆ."

ಎಲ್ಲ ಮುಗಿದಿತ್ತು. ಕಣ್ಣು ಮಾತ್ರ ಉಳಿದಿತ್ತು. ಗೊಂಬೆಗೆ ಕಣ್ಣು ಕೊರೆಯುವುದು ಎಲ್ಲಕ್ಕಿಂತ ಕೊನೆಗೆ. ಆ ಹೊತ್ತಿನಲ್ಲಿ ಅಂಗಳದಲ್ಲಿ ಯಾರೂ ಮಾತಾಡುವಂತಿಲ್ಲ. ಊರಿನವರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದವನಿಗೆ ಹೇಳಬೇಕೆಂದು ಯಂಕೋಬನಿಗೆ ಹೊಳೆಯಲಿಲ್ಲ. ಆಶ್ರಮದಿಂದ ಬಂದವರು ಏನಾದರೂ ಕೇಳಿದರೆ ಮುಖವೆತ್ತಿ ಉತ್ತರ ಕೊಡಬೇಕು, ಅದೂ ಅವರ ಮನೆತನದ ಪದ್ಧತಿ.

ಸೀತೆಯ ಎಡಗಣ್ಣು ತೆರೆಯಿತು. ಯಂಕೋಬ ಉಳಿಯನ್ನು ಬಲಗಣ್ಣಿಗೆ ಇಟ್ಟ. ಅವನ ಉಸಿರೇ ನಿಂತಂತಿತ್ತು.

ಬಸವಂತನಿಗೆ ತನ್ನ ಒಂಬತ್ತನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು ಎನಿಸಿತು.

"ಕಾಕಾ, ಈಗ ಈ ಕ್ಷಣ ನಿಮ್ಮ ಮನಸ್ಸಿನ್ಯಾಗ ಏನೈತಿ?"

ಯಂಕೋಬ ಮುಖವೆತ್ತಿದ. ಉಳಿ ಜಾರಿತು. ಸೀತೆಯ ಕಣ್ಣಿನಿಂದ ಕೆನ್ನೆಯವರೆಗೆ ತೊಗಲು ಸೀಳಿತು.

ಯಂಕೋಬ ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ.

"ಏನೋ ಇತ್ತು ತಮ್ಮಾ, ಮರತ್ಹೋತು" ಎಂದ ಯಂಕೋಬ. ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಆಮೇಲೆ ಗೊಂಬೆಯನ್ನು ಮೆಲ್ಲಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ.

ಬಸವಂತ ತಪ್ಪಾಯಿತು ಎನ್ನಬೇಕಿತ್ತು. "ಬರ್ತೀನಿ, ಕಾಕಾ" ಎಂದಷ್ಟೇ ಹೇಳಿ ಎದ್ದು ಬಂದ. ಅವನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿ. ಉಳಿ ಜಾರಿದ್ದಕ್ಕೆ ನಾನು ಅವನನ್ನು ಬೈಯಲಾರೆ.

ಸಂಜೆ ಅವನು ಅಜ್ಜಾರ ಮುಂದೆ ಕೂತು ನೋಟುಬುಕ್ಕು ತೆರೆದ. ದುರ್ಗಪ್ಪನದು ಓದಿದ, ನಿಂಗವ್ವನದು ಓದಿದ. ಕೊನೆಗೆ ಯಂಕೋಬನದು.

"ಯಂಕೋಬನ ಕೈ ಎಂದೂ ತಪ್ಪುವುದಿಲ್ಲ. ಅವನ ಸೀತೆ ಕಣ್ಣು ತೆರೆದಾಗ ಅಂಗಳವೆಲ್ಲ ಬೆಳಕಾಯಿತು."

ಅಜ್ಜಾರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಚಲೋ ಬರದೀ. ಆಕಿ ಮೊದಲ ಯಾರನ್ನ ನೋಡಿದ್ಲು?"

"ಯಾರ್ರಿ, ಅಜ್ಜಾರ?"

"ಸೀತವ್ವ. ಕಣ್ಣು ತೆರದ ಮ್ಯಾಲ ಎದುರಿಗೆ ಇದ್ದವರನ್ನ ನೋಡಬೇಕಲ್ಲ. ನೀ ಎದುರಿಗೇ ಕುಂತಿದ್ದಿ."

ಬಸವಂತ ಹಾಳೆ ತಿರುಗಿಸಿದ. ಅಲ್ಲೇನೂ ಇರಲಿಲ್ಲ. ಅವನಿಗೆ ಅಳು ಬಂತು.

"ನಾನ ಆಕಿ ಕಣ್ಣು ಹರಿಸಿದೆ, ಅಜ್ಜಾರ" ಎಂದ. ಎಲ್ಲವನ್ನೂ ಹೇಳಿದ, ಎದ್ದು ಬಂದದ್ದನ್ನೂ ಹೇಳಿದ.

ಅಜ್ಜಾರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಮುಂಜಾನೆ ನನ್ನ ಜೋಡಿ ಹೊಳಿಗೆ ಬಾ. ಯಂಕೋಬ ಅಲ್ಲೇ ಇರ್ತಾನ" ಎಂದರು.

ಮುಂಜಾನೆ ಹೊಳೆಯ ಮೇಲೆ ಮಂಜು ಮಲಗಿತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವಂತಿರಲಿಲ್ಲ. ಆ ಬೆಳ್ಳನೆಯದರ ನಡುವೆ ಯಂಕೋಬ ಮೊಣಕಾಲು ನೀರಿನಲ್ಲಿ ನಿಂತಿದ್ದ. ಎರಡೂ ಕೈಯಲ್ಲಿ ಗೊಂಬೆ ಹಿಡಿದಿದ್ದ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದ.

ಬಸವಂತ ನೀರಿಗಿಳಿದು ಅವನ ಹತ್ತಿರ ಹೋದ. "ಏನ್ ಮಾಡಾಕತ್ತೀರಿ, ಕಾಕಾ?"

"ಹೊಳಿಗೆ ಕೊಡಾಕತ್ತೀನಿ. ಒಂದು ಕಣ್ಣು ತೆರದಿತ್ತಲ್ಲ, ಅಲ್ಲಿಗೆ ಆಕಿಗೆ ಜೀವ ಬಂತು. ಜೀವ ಬಂದಾಕಿನ್ನ ಕಸದಾಗ ಒಗೆಯಾಕ ಬರೂದಿಲ್ಲ. ಮನ್ಯಾಗಿನ ಮಂದೀಗೆ ಮಾಡಿದಂಗ ಮಾಡಿ ಕಳಸಬೇಕು."

"ನನ್ನಿಂದ ಆತು, ಕಾಕಾ. ತಪ್ಪಾತು ಅಂತ ಹೇಳೂದೂ ಬಿಟ್ಟು ಎದ್ದು ಹೋದೆ. ನಿಮ್ಮ ಕೈ ತಪ್ಪೂದ ಇಲ್ಲ ಅಂತ ಸುಳ್ಳೂ ಬರದೆ."

ಯಂಕೋಬ ಅವನ ತಲೆಯ ಮೇಲೆ ಒದ್ದೆ ಕೈ ಇಟ್ಟ. "ಇನ್ನೊಂದು ತೊಗಲು ನೆನಿ ಹಾಕೀನಿ" ಎಂದ. "ಕೂದಲಾ ಹೆರಿಬೇಕು, ಒಣಗಿಸಬೇಕು, ಕೊರೀಬೇಕು. ಮೂರು ತಿಂಗಳ ಕೆಲಸ. ನಾನೊಬ್ಬನ ಮಾಡೂದ್ರಾಗ ನನ್ನ ಕಣ್ಣು ಹೋಗಿರ್ತಾವೇನೋ."

ಅವನ ಮಾತಿನಲ್ಲಿ ಬಯ್ಗುಳವಿರಲಿಲ್ಲ. ಬಸವಂತನಿಗೆ ಅದನ್ನೇ ತಡೆಯಲಾಗಲಿಲ್ಲ.

ಯಂಕೋಬ ಸೀತೆಯನ್ನು ನೀರಿನ ಮೇಲೆ ಮಲಗಿಸಿ ಕೈ ಬಿಟ್ಟ. ತೆಳ್ಳನೆಯ ತೊಗಲು ಮುಳುಗಲಿಲ್ಲ. ಒಂದು ಸಲ ಸುತ್ತು ತಿರುಗಿ, ಮೇಲೆ ನೋಡುತ್ತ ಮಂಜಿನೊಳಕ್ಕೆ ಹೋಯಿತು. ಕೆಂಪು ಸೀರೆಯ ಬಣ್ಣ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಅದೂ ಕಾಣಲಿಲ್ಲ.

ಬಸವಂತ ಬಗಲಿನಿಂದ ನೋಟುಬುಕ್ಕು ತೆಗೆದ.

"ಇದೂ ಆಕಿ ಹಿಂದ ಹೋಗ್ಲಿ" ಎಂದು ನೀರಿನ ಮೇಲೆ ಚಾಚಿದ. "ಇದೂ ಕೆಟ್ಟೈತಿ."

ಅಷ್ಟರಲ್ಲಿ ಅಜ್ಜಾರು ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಬಂದಿದ್ದರು. ಅವನ ಕೈಯಿಂದ ನೋಟುಬುಕ್ಕನ್ನು ತೆಗೆದುಕೊಂಡು ಪುಟಗಳನ್ನು ತಿರುವಿ ನೋಡಿದರು. ಮತ್ತೆ ಅದನ್ನು ಅವನ ಬಗಲಿಗೇ ಇಟ್ಟರು. ಯಂಕೋಬನ ಕೈ ಹಿಡಿದು ಬಸವಂತನ ಹೆಗಲ ಮೇಲೆ ಇಟ್ಟರು.

"ಹೊಳಿಗೆ ಕೊಡಾಕ ಇದಕ್ಕ ಜೀವ ಎಲ್ಲಿ ಬಂದೈತೋ, ತಮ್ಮಾ?" ಎಂದರು ಅಜ್ಜಾರು. "ಇನ್ನಾ ಬರೇ ತೊಗಲು. ಹೋಗು, ಯಂಕೋಬನ ಜೋಡಿ ಕುಂತು ಕೂದಲಾ ಹೆರಿ."