ಮುಗಿದ ಕೆಲಸಕ್ಕೊಂದು ಪುಟ

ಚಂದ್ರನಲ್ಲಿಗೆ ಹೋಗಬೇಕೆಂದು ಹಕ್ಕಿಗಳೂ ಹುಳುಗಳೂ ಸೇರಿ ಸ್ವಯಂಸೇವಕರ ಸಂಘ ಕಟ್ಟಿದವು. ವೆಬ್‌ಸೈಟ್ ಮಾಡುವ ಕೆಲಸ ಗೀಜಗದ ಪಾಲಿಗೆ ಬಂತು. ಒಂದು ಗೂಡನ್ನು ಅರ್ಧ ನೇಯ್ದು ಇನ್ನೊಂದಕ್ಕೆ ಕೊಕ್ಕು ಹಾಕುವುದು ಅದರ ಹುಟ್ಟುಗುಣ. ರಾಕೆಟ್ಟಿಗೊಂದು ಪುಟ, ಚಂದ್ರನ ಮೇಲಿನ ಮನೆಗೊಂದು, ಮಂಗಳನ ತೋಟಕ್ಕೊಂದು ತೆರೆದು, ಎಲ್ಲದರ ಮೇಲೂ ‘ಶೀಘ್ರದಲ್ಲೇ ಬರಲಿದೆ’ ಎಂದು ಬರೆದು ಹಿಗ್ಗಿತು.

ಅಷ್ಟರಲ್ಲಿ ಇರುವೆ ಬಂದು, “ಸ್ವಾಮಿ, ರಾಕೆಟ್ಟಿನ ಬಾಗಿಲು ಮಾಡಿ ಮುಗಿಸಿದ್ದೇನೆ. ಅದರ ನಕ್ಷೆಯನ್ನು ಯಾರು ಬೇಕಾದರೂ ಬಳಸಲಿ. ಯಾವ ಪುಟಕ್ಕೆ ಹಾಕಲಿ?” ಎಂದಿತು.

ಗೀಜಗ ಪುಟಗಳನ್ನೆಲ್ಲ ತಡಕಾಡಿ ಬೆವತುಹೋಯಿತು. “ಮುಗಿಸಿಯೇಬಿಟ್ಟಿರಾ? ಮುಂಚೆ ಒಂದು ಮಾತು ಹೇಳಬಾರದಿತ್ತೇ? ಮುಗಿದ ಕೆಲಸ ಇಡಲು ನಮ್ಮಲ್ಲಿ ಜಾಗವೇ ಇಲ್ಲವಲ್ಲ!”

“ಹಾಗಾದರೆ ಈಗ?”

“ಚಿಂತೆ ಬೇಡ” ಎಂದ ಗೀಜಗ, ‘ಮುಗಿದ ಕೆಲಸಗಳು’ ಎಂಬ ಹೊಸ ಪುಟವನ್ನು ಅಲ್ಲೇ ತೆರೆದು, ಅದರ ಮೇಲೂ ‘ಶೀಘ್ರದಲ್ಲೇ ಬರಲಿದೆ’ ಎಂದು ಬರೆಯಿತು.